ವಾರ ನೋಡಿ ಬರುವ ಆಪತ್ತು

ತಲೆಯ ಮೇಲೆ ಕೊಡ ಹೊರುವಾಗ, ಕೊಡದ ಅಡಿಗೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೊಂದು ಹೆಸರಿದೆ. ನಾಲಿಗೆ ತುದಿಯಲ್ಲೇ ಇದೆ. ಸಿಂ... ಸಿಂಗಿ? ಅಲ್ಲ. ಸಿಂಬಳ? ಥೂ, ಅದು ಮೂಗಿನದು. ನಗಬೇಡ ಇಂಚರಾ. ನಮ್ಮೂರಲ್ಲಿ ಹಾಲುಹಲ್ಲಿನ ಮಗು ಕೂಡ ಆ ಹೆಸರು ಹೇಳುತ್ತಿತ್ತು. ಈ ಊರಲ್ಲಿ ನೀರು ತಾನೇ ಗೋಡೆಯೊಳಗಿಂದ ನಡೆದು ಬರುತ್ತದೆ. ಹೊರುವವರೇ ಇಲ್ಲದ ಮೇಲೆ ಹೆಸರು ಎಲ್ಲಿ ಉಳಿಯಬೇಕು? ಇರಲಿ, ಸದ್ಯಕ್ಕೆ ‘ಸುತ್ತು’ ಅನ್ನೋಣ. ಹೆಸರು ನೆನಪಾದಾಗ ಬರಲಿ. ಅದಕ್ಕಾಗಿ ಕಥೆ ಯಾಕೆ ಕಾಯಬೇಕು?

ಏಳು ಗುಡ್ಡ ದಾಟಿದರೆ ಒಂದು ರಾಜ್ಯ. ಭಾರಿ ರಾಜ್ಯವೇನಲ್ಲ. ಒಂದು ಅರಮನೆ, ಒಂದು ಕೆರೆ, ಮೂವತ್ತು ಮನೆ, ಒಂದು ಆನೆ. ಅಷ್ಟೇ. ಅಲ್ಲಿಯ ರಾಜನಿಗೆ ಹೆತ್ತವರು ಇಟ್ಟ ಹೆಸರು ಮಾರುದ್ದ. ಜನ ಕರೆಯುತ್ತಿದ್ದುದು ಮಾತ್ರ ಗಾಬರಿರಾಯ ಅಂತ. ಹಲ್ಲಿ ಲೊಚಗುಟ್ಟಿದರೆ ಅವನಿಗೆ ಗಾಬರಿ. ಲೊಚಗುಟ್ಟದಿದ್ದರೆ ಇನ್ನೂ ಗಾಬರಿ. ಮಲಗುವಾಗಲೂ ಕಾಲಲ್ಲಿ ಜೋಡು. ತಲೆಗೊಂದು ಕಿರೀಟ, ಅದು ಬಿದ್ದುಹೋದರೆ ಅಂತ ಸೊಂಟಕ್ಕೊಂದು ಕಿರೀಟ, ಅದೂ ಬಿದ್ದುಹೋದರೆ ಅಂತ ರಾಣಿಯ ಸೊಂಟಕ್ಕೊಂದು ಕಿರೀಟ. ಪಾಪ, ರಾಣಿ ಕೂರುವಾಗೆಲ್ಲ ಚುಚ್ಚಿಸಿಕೊಳ್ಳುತ್ತಿದ್ದಳು.

ಇಂಥ ರಾಜನಿಗೆ ತಕ್ಕ ಮಂತ್ರಿ ಸಿಕ್ಕ. ಅವನ ಹೆಸರು ಚನ್ನರಸ.

“ಮಹಾಪ್ರಭು,” ಅಂದ ಚನ್ನರಸ, “ಆಪತ್ತು ಕಂಡಕಂಡಾಗ ಬರುವುದಿಲ್ಲ. ಗ್ರಹ ನೋಡಿಕೊಂಡು ಬರುತ್ತದೆ. ಮಂಗಳ ಕೆಂಪು, ಆದ್ದರಿಂದ ಬೆಂಕಿ ಬೀಳುವುದು ಮಂಗಳವಾರ. ಸೋಮ ಅಂದರೆ ಚಂದ್ರ, ತಂಪು. ನೀರು ನುಗ್ಗುವುದು ಸೋಮವಾರ. ಶನಿ ಕರ್ರಗೆ, ದೊಡ್ಡದು. ಆನೆ ಕೆರಳುವುದು ಶನಿವಾರ.”

“ಉಳಿದ ವಾರ?”

“ಉಳಿದ ವಾರ ತಾವು ನಿದ್ದೆ ಮಾಡಬಹುದು, ಪ್ರಭು.”

ರಾಜನಿಗೆ ಬೇಕಾಗಿದ್ದುದೂ ಅದೇ. ಮಂತ್ರಿಗೆ ಜರಿ ಶಾಲು ಹೊದಿಸಿದ, ಪಲ್ಲಕ್ಕಿ ಕೊಟ್ಟ, ಜಗಲಿಯ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ಚನ್ನರಸ ಒಂದೊಂದು ಆಪತ್ತಿಗೂ ಒಂದೊಂದು ಓಲೆ ಬರೆದ. ಮನೆಗೊಂದು ಆಪತ್ತಿನ ಬುಟ್ಟಿ ಹಂಚಿದ. ಬುಟ್ಟಿಯಲ್ಲಿ ಹದಿನೆಂಟು ಸಾಮಾನು. ಕನ್ನಡಿ, ಗಂಟೆ, ಮೊರ, ದೋಣಿಯ ಹುಟ್ಟು, ಇನ್ನೂ ಏನೇನೋ. ಹದಿನೆಂಟನೆಯದು ಒಂದು ಮೊಳ ಹಗ್ಗ. ಅಷ್ಟು ಹಗ್ಗ ಎಲ್ಲಿಂದ ಬಂತು ಅಂತೀಯಾ? ಆನೆ ಲಾಯದ ಬಾವಿಗೆ ಮೂವತ್ತು ಮೊಳದ ಸೇದುವ ಹಗ್ಗ ಇತ್ತು. ಅದನ್ನೇ ಮೂವತ್ತು ತುಂಡು ಮಾಡಿದ್ದು. ಮನೆ ಬಿಟ್ಟು ಹೊರಗೆ ಕಾಲಿಟ್ಟರೆ ತಲೆಯ ಮೇಲೆ ಬುಟ್ಟಿ ಇರಲೇಬೇಕು. ಮದುಮಗಳೂ ಬುಟ್ಟಿ ಹೊತ್ತೇ ಹಸೆಮಣೆ ಏರಬೇಕು.

ವಿಚಿತ್ರ ಏನೆಂದರೆ, ಮಂತ್ರಿ ಹೇಳಿದ ಹಾಗೇ ಆಗತೊಡಗಿತು. ಮಂಗಳವಾರ ಎಲ್ಲಾದರೂ ಒಂದು ಕಡೆ ಹೊಗೆ. ಸೋಮವಾರ ಎಲ್ಲಾದರೂ ಒಂದು ಕಡೆ ನೀರು. ಶನಿವಾರ ಆನೆ ಬೀದಿಯಲ್ಲಿ. ಜನ ಬೆರಗಾದರು. “ಎಂಥಾ ತಲೆ ಕಣಯ್ಯಾ ನಮ್ ಮಂತ್ರಿದು!” ಅಂದರು.

ಅದೇ ಊರಲ್ಲಿ ಹೊಂಬಾಳವ್ವ ಅಂತ ಒಬ್ಬಳಿದ್ದಳು. ಕೆರೆಯಿಂದ ಅರಮನೆಗೆ ನೀರು ಹೊರುವುದು ಅವಳ ಕೆಲಸ. ದಿನಕ್ಕೆ ನಲವತ್ತು ಕೊಡ. ಅವಳ ತಲೆಯ ಮೇಲಿನ ಸುತ್ತು ಸತ್ತುಹೋದ ಅವ್ವನ ಹಳೇ ಸೀರೆಯದು. ಅರ್ಧ ಸೀರೆ, ಒಂಬತ್ತು ಮೊಳ. ಸವೆದು ಸವೆದು ಬೆಣ್ಣೆಯ ಹಾಗಾಗಿತ್ತು.

ಒಂದು ದಿನ ಕೆರೆ ಏರಿಯ ಮೇಲೆ ಮಂತ್ರಿಯ ಪಲ್ಲಕ್ಕಿ ಅವಳಿಗೆ ಎದುರಾಯಿತು.

“ಏ ಹೊಂಬಾಳಿ! ನಿನ್ನ ಬುಟ್ಟಿ ಎಲ್ಲಿ?”

“ತಲೆ ಮೇಲೆ ಕೊಡ ಐತಲ್ಲ ಬುದ್ಧಿ. ದೇವರು ತಲೆ ಒಂದೇ ಕೊಟ್ಟವ್ನೆ.”

“ಆಪತ್ತು ಬಂದರೆ ಏನು ಮಾಡ್ತೀಯಾ?”

“ಈ ಸುತ್ತು ಐತೆ. ಬಿಚ್ಚಿ, ಆಗ ಏನು ಬೇಕೋ ಅದು ಮಾಡ್ತೀನಿ.”

“ಏನು ಮಾಡ್ತೀಯಾ ಅಂತ ಈಗಲೇ ಹೇಳು!”

“ಏನು ಬರ್ತದೆ ಅಂತ ನೀವು ಈಗಲೇ ಹೇಳಿ ಬುದ್ಧಿ, ನಾನೂ ಹೇಳ್ತೀನಿ.”

ಪಲ್ಲಕ್ಕಿ ಹೊತ್ತವರಿಗೆ ನಗು ತಡೆಯಲಾಗಲಿಲ್ಲ. ನಾಲ್ಕು ಹೆಗಲೂ ಕುಣಿದವು. ಮೇಲೆ ಕೂತಿದ್ದ ಮಂತ್ರಿ ಮೊರದಲ್ಲಿ ಕೇರಿದ ಕಡಲೆಯ ಹಾಗೆ ಹಾರಿ ಹಾರಿ ಬಿದ್ದ. ಸಿಟ್ಟು ನೆತ್ತಿಗೇರಿತು.

“ಇನ್ನು ಮೂರು ಆಪತ್ತು ನೋಡ್ತೀನಿ. ಮೂರರಲ್ಲೂ ಓಲೆ ಬಿಟ್ಟು ನಡೆದರೆ ನಿನ್ನನ್ನು ಗಡಿ ದಾಟಿಸ್ತೀನಿ!”

ಹೊಂಬಾಳವ್ವ ಕೆರೆಯ ಕಡೆ ತಿರುಗಿ ನೋಡಿದಳು. ಕೆರೆಯ ಪಕ್ಕದ ಗುಡಿಸಲಲ್ಲೇ ಅವಳು ಹುಟ್ಟಿದ್ದು. ಆ ನೀರು ಬಿಟ್ಟು ಬೇರೆ ನೀರು ಕುಡಿದವಳಲ್ಲ. ಗಡಿಯಾಚೆ ಉಪ್ಪಿನ ರುಚಿ ಕೂಡ ಬೇರೆ ಇರುತ್ತದೆ ಮಗಾ. ಅದು ದಾಟಿದವರಿಗೇ ಗೊತ್ತು.

ಮಂಗಳವಾರ ಬಂತು. ಲಾಯದ ಹಿಂದಿನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಮೂವತ್ತು ಮನೆಯವರೂ ಬುಟ್ಟಿ ಹೊತ್ತು ಓಡಿ ಬಂದರು. ಚನ್ನರಸ ಗಂಟಲು ಸರಿಮಾಡಿಕೊಂಡು ಓಲೆ ಓದಿದ.

“ಒಂದು, ಗಂಟೆ ಬಾರಿಸಿ!” ಬಾರಿಸಿದರು. “ಎರಡು, ಪೂರ್ವಕ್ಕೆ ತಿರುಗಿ!” ತಿರುಗಿದರು. ಬೆಂಕಿ ಇದ್ದದ್ದು ಪಡುವಣಕ್ಕೆ. “ಮೂರು, ಲಾಯದ ಬಾವಿಯಿಂದ ನೀರು ಸೇದಿ!”

ಎಲ್ಲರೂ ಬಾವಿಗೆ ಓಡಿದರು. ಬಿಂದಿಗೆ ಇದೆ, ಬಾವಿ ಇದೆ, ಬಾವಿಯಲ್ಲಿ ನೀರೂ ಇದೆ. ಹಗ್ಗ ಇಲ್ಲ.

“ನಂದು ಒಂದು ಮೊಳ ಐತೆ.”

“ನಂದೂ ಒಂದೇ ಮೊಳ.”

“ಎಲ್ಲಾ ಸೇರಿಸಿ ಗಂಟು ಹಾಕಾನ?”

“ಓಲೆಯಲ್ಲಿ ಗಂಟು ಅಂತ ಇಲ್ಲ!” ಅಂತ ಗುಡುಗಿದ ಮಂತ್ರಿ.

ಅಷ್ಟರಲ್ಲಿ ಹೊಂಬಾಳವ್ವ ಕೊಡ ಇಳಿಸಿದಳು. ಸುತ್ತು ಬಿಚ್ಚಿ ಕೊಡದೊಳಗೆ ಅದ್ದಿದಳು. ಒದ್ದೆ ಬಟ್ಟೆಯಿಂದ ಬೆಂಕಿಯನ್ನು ಚಟೀರ್ ಚಟೀರ್ ಅಂತ ಬಡಿದಳು. ಬೆಂಕಿ ಸುಸ್ಸೆಂದು ಆರಿತು.

“ಈ ಬೆಂಕಿ ಆರಿಲ್ಲ,” ಅಂದ ಚನ್ನರಸ.

“ಆರೈತಲ್ಲ ಸ್ವಾಮಿ, ಬೂದಿ ಕಾಣ್ತದೆ,” ಅಂದ ಗಾಣದ ಮರಿಯಪ್ಪ.

“ಓಲೆಯ ಪ್ರಕಾರ ಆರಿಲ್ಲ. ಹೊಂಬಾಳೀ, ಒಂದು!”

ಬಟ್ಟೆ ಹಿಂಡುತ್ತಿದ್ದ ಹೊಂಬಾಳವ್ವನ ಕಾಲಿಗೆ ಏನೋ ತಗುಲಿತು. ಅರ್ಧ ಸುಟ್ಟ ಬತ್ತಿ. ಘಮ್ಮೆನ್ನುವ ತುಪ್ಪದ ವಾಸನೆ. ‘ಹುಲ್ಲಿಗೆ ತುಪ್ಪ ಹಾಕ್ಕೊಂಡು ಉಣ್ಣೋ ದನ ಯಾವುದಪ್ಪಾ ಇದು?’ ಅಂದುಕೊಂಡು ಬತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶನಿವಾರ ಬಂತು. ಆನೆ ಮುದ್ದವ್ವ ಸರಪಳಿ ಕಳಚಿಕೊಂಡು ಬೀದಿಗೆ ಬಂದಳು. ಸಾಧು ಆನೆ ಅದು. ಸುಮ್ಮನೆ ಗಾಣದ ಹಿಂಡಿ ಮೂಸುತ್ತಾ ನಿಂತಿತ್ತು.

“ಆನೆಗೆ ಕನ್ನಡಿ ತೋರಿಸಿ!” ಅಂತ ಓಲೆ ಓದಿದ ಚನ್ನರಸ.

ಮೂವತ್ತು ಜನ ಮೂವತ್ತು ಕನ್ನಡಿ ಹಿಡಿದರು. ಮುದ್ದವ್ವ ನೋಡುತ್ತಾಳೆ, ಊರ ತುಂಬ ಆನೆಗಳು! ಒಬ್ಬಳು ಸವತಿ ಬಂದರೇ ಸಹಿಸುವುದು ಕಷ್ಟ, ಇಲ್ಲಿ ಮೂವತ್ತು ಜನ! ಘೀಳಿಟ್ಟು ನುಗ್ಗಿದಳು. ಗಾಣದ ಚಪ್ಪರ ಅಪ್ಪಚ್ಚಿ. ಜನ ಬುಟ್ಟಿ ಸಮೇತ ಮರ ಹತ್ತಲು ಹೋಗಿ, ಬುಟ್ಟಿ ಸಮೇತ ಕೆಳಗೆ ಬಿದ್ದರು.

ಹೊಂಬಾಳವ್ವ ತನ್ನ ಬುತ್ತಿಯ ಎರಡು ರಾಗಿ ಮುದ್ದೆಯನ್ನೂ ಒಂದಚ್ಚು ಬೆಲ್ಲವನ್ನೂ ಸುತ್ತಿನ ಒಂದು ತುದಿಗೆ ಕಟ್ಟಿದಳು. ಇನ್ನೊಂದು ತುದಿ ಹಿಡಿದು ನೆಲದ ಮೇಲೆ ಎಳೆಯುತ್ತಾ ಲಾಯದ ಕಡೆ ನಡೆದಳು. “ಬಾ ನಮ್ಮವ್ವಾ, ಬಾ. ಆ ಮೂದೇವಿಗಳು ಹೋದ್ರು, ಬಾ.” ಬೆಲ್ಲದ ವಾಸನೆ ಹಿಡಿದು ಆನೆ ಕರುವಿನ ಹಾಗೆ ಹಿಂದೆ ಬಂತು.

“ಹೊಂಬಾಳೀ, ಎರಡು!” ಅಂತ ಚನ್ನರಸ ಗೋಡೆಯ ಆಚೆಯಿಂದ ಕೂಗಿದ.

ಆನೆಯನ್ನು ಕಟ್ಟುವಾಗ ಹೊಂಬಾಳವ್ವ ಸರಪಳಿ ನೋಡಿದಳು. ಬೀಗ ಒಡೆದಿರಲಿಲ್ಲ. ಯಾರೋ ಕೀಲಿಕೈ ಹಾಕಿ ತೆಗೆದಿದ್ದರು.

ಸೋಮವಾರ ಬಂತು. ಕೆರೆಯ ತೂಬಿನಿಂದ ನೀರು ನುಗ್ಗಿ ಕುಂಬಾರಗೇರಿಯಲ್ಲಿ ಸೊಂಟದವರೆಗೆ ನಿಂತಿತು. “ಹುಟ್ಟು ಹಾಕಿ!” ಅಂತ ಓಲೆ. ಜನ ಜಗಲಿಗಳ ಮೇಲೆ ಕೂತು, ಹೇಳಿದ ಹಾಗೆ ನೀರಿನಲ್ಲಿ ಹುಟ್ಟು ಆಡಿಸಿದರು. ಜಗಲಿ ಎಲ್ಲಿಗೂ ಹೋಗಲಿಲ್ಲ.

“ದೋಣಿ ಎಲ್ಲಿ ಸ್ವಾಮಿ?”

“ಓಲೆಯಲ್ಲಿ ದೋಣಿ ಅಂತ ಇಲ್ಲ. ಹಾಕ್ತಾ ಇರಿ!”

ಕೇರಿಯ ಕೊನೆಯಲ್ಲಿ ಸಿದ್ದಿಯಜ್ಜಿ ಒಲೆಕಟ್ಟೆಯ ಮೇಲೆ ಮೇಕೆಯನ್ನು ತಬ್ಬಿಕೊಂಡು ನಿಂತಿದ್ದಳು. ಹೊಂಬಾಳವ್ವ ನೀರು ಸೀಳಿಕೊಂಡು ನಡೆದು ಹೋದಳು. ನಾಲ್ಕು ಹೊಸ ಗಡಿಗೆ ಬೋರಲು ಹಾಕಿ, ಸುತ್ತಿನ ಬಟ್ಟೆಯಿಂದ ಮಂಚದ ನಾಲ್ಕು ಕಾಲಿಗೆ ಬಿಗಿದಳು. ಮಂಚ ತೇಲಿತು.

“ಹತ್ತು ಅಜ್ಜಿ.”

“ಮೊದ್ಲು ಮೇಕೆ ಹತ್ಲಿ ಕಣವ್ವಾ. ಅದಕ್ಕೆ ವಯಸ್ಸಾಗೈತೆ.”

ಮೇಕೆ ಹತ್ತಿತು, ಅಜ್ಜಿ ಹತ್ತಿದಳು, ಮಂಚ ತೇಲಿಕೊಂಡು ದಡ ಸೇರಿತು.

“ಮೂರು!” ಅಂದ ಚನ್ನರಸ. ಈ ಸಲ ಅವನು ನಕ್ಕ.

ತೂಬು ಮುಚ್ಚಲು ಹೋದಾಗ ಹೊಂಬಾಳವ್ವ ನೋಡಿದಳು. ನೀರೇ ಕಿತ್ತಿದ್ದರೆ ತೂಬಿನ ಹಲಗೆ ಕೊಚ್ಚಿಕೊಂಡು ಹೋಗಬೇಕಿತ್ತು. ಆದರೆ ಯಾರೋ ಪುಣ್ಯಾತ್ಮ ಅದನ್ನು ಒರೆಸಿ, ಹುಣಿಸೆ ಮರಕ್ಕೆ ಒರಗಿಸಿಟ್ಟಿದ್ದ. ಅವಳು ಹಲಗೆ ನೋಡಿದಳು, ಬತ್ತಿ ನೆನೆದಳು, ಬೀಗ ನೆನೆದಳು. ತಲೆಯೊಳಗೆ ಮೂರೂ ಒಂದೇ ಸುತ್ತಾಗಿ ಸುತ್ತಿಕೊಂಡವು.

ಅವತ್ತೇ ಸಂಜೆ ಅವಳನ್ನು ರಾಜನ ಮುಂದೆ ನಿಲ್ಲಿಸಿದರು. ಮಾರನೆಯ ದಿನ ಮುಗಿಯುತ್ತಿದ್ದಂತೆ ಗಡಿ ದಾಟಿಸಬೇಕೆಂದು ತೀರ್ಮಾನವಾಯಿತು. ಆದರೆ ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಗಡಿ ದಾಟುವವರು ಶಿಕ್ಷೆ ಬೇಡ ಅನ್ನುವುದೊಂದನ್ನು ಬಿಟ್ಟು ಬೇರೆ ಏನಾದರೂ ಒಂದು ಕೇಳಬಹುದು, ರಾಜ ಇಲ್ಲ ಅನ್ನುವಂತಿಲ್ಲ.

“ನಾಳೆ ಮಂಗಳವಾರ ಅಲ್ವಾ ಬುದ್ಧಿ?” ಅಂದಳು ಹೊಂಬಾಳವ್ವ. “ಅದನ್ನ ಶನಿವಾರ ಮಾಡಿಕೊಡಿ.”

ಸಭೆಯೆಲ್ಲ ಗೊಳ್ಳೆಂದಿತು. “ದುಃಖಕ್ಕೆ ತಲೆ ಕೆಟ್ಟಿದೆ. ಮಾಡಿಕೊಡಿ ಪ್ರಭು, ನಮ್ಮ ಗಂಟೇನು ಹೋಗುತ್ತೆ,” ಅಂತ ನಗುತ್ತಾ ಚನ್ನರಸ ಮನೆಗೆ ಹೋದ. ಊರಲ್ಲಿ ಡಂಗುರ ಬಿತ್ತು. “ಕೇಳ್ರಪ್ಪೋ ಕೇಳಿ! ನಾಳೆ ಮಂಗಳವಾರ ಅಲ್ಲ, ಶನಿವಾರ!”

ಎಲ್ಲರೂ ಹೋದ ಮೇಲೆ ರಾಜ ಮೆಲ್ಲಗೆ ಕೇಳಿದ. “ವಾರ ಯಾಕೆ ಬದಲಾಯಿಸಿದೆಯಮ್ಮಾ?”

“ಬುದ್ಧೀ, ಬೆಂಕಿಗೆ ಕಿವಿ ಇಲ್ಲ. ನೀರಿಗೆ ಕಿವಿ ಇಲ್ಲ. ಆನೆಗೆ ಮೊರದಗಲ ಕಿವಿ ಐತೆ, ಆದ್ರೆ ಡಂಗುರ ಅರ್ಥವಾಗಾಕಿಲ್ಲ. ಆಪತ್ತು ಗ್ರಹದಿಂದ ಬರೋದಾದ್ರೆ ನಾಳೆ ಬೆಂಕಿ ಬೀಳ್ತದೆ. ಆನೆ ಬಿಚ್ಕೊಂಡ್ರೆ ಮಾತ್ರ, ಡಂಗುರ ಕೇಳಿ ನಡೆಯೋ ಆಪತ್ತು ಅದು. ಅದಕ್ಕೆ ಎರಡು ಕಾಲು ಇರ್ತದೆ.”

ರಾಜನ ಸೊಂಟದ ಕಿರೀಟ ಗಡಗಡ ಅಂದಿತು. “ಎರಡೂ ಬರದಿದ್ದರೆ?”

“ನಾನು ಗಡಿ ದಾಟ್ತೀನಿ. ನಿಮಗೆ ಒಂದು ದಿನ ನೆಮ್ಮದಿ.”

ಬೆಳಗಾಯಿತು. ಲಾಯದ ಪಕ್ಕದ ಹುಲ್ಲಿನ ರಾಶಿಯೊಳಗೆ ಹೊಂಬಾಳವ್ವ ಕೂತಳು. ಅವಳ ಪಕ್ಕದಲ್ಲಿ ರಾಜ. ಹುಲ್ಲಿನ ಮೇಲೆ ಕಿರೀಟ ಮಾತ್ರ ಮಿಣಮಿಣ ಅನ್ನುತ್ತಿತ್ತು. ಅವಳು ಅದರ ಮೇಲೂ ಒಂದು ಹಿಡಿ ಹುಲ್ಲು ಹಾಕಿದಳು. ಕಾದರು. ಬಿಸಿಲೇರಿತು, ಯಾರೂ ಬರಲಿಲ್ಲ. ‘ತಪ್ಪಿದೆನೇನೋ’ ಅಂದುಕೊಂಡ ಹೊಂಬಾಳವ್ವ ಕೆರೆ ಏರಿಯನ್ನು ಕಣ್ತುಂಬ ಒಮ್ಮೆ ನೋಡಿಕೊಂಡಳು.

ಆಗ ಬಂದ ಚನ್ನರಸ. ತಲೆಯ ಮೇಲೆ ಆಪತ್ತಿನ ಬುಟ್ಟಿ, ಕೈಯಲ್ಲಿ ಕೀಲಿಕೈ. “ಹಾಳಾದ ರಾಜ! ತುಪ್ಪದಲ್ಲಿ ಬತ್ತಿ ನೆನೆಸಿಟ್ಟಿದ್ದೆ. ಶನಿವಾರವಂತೆ ಶನಿವಾರ!” ಅಂತ ಗೊಣಗುತ್ತಾ ಬಗ್ಗಿ ಸರಪಳಿಯ ಬೀಗ ತೆಗೆದ. ಅವನು ಬಗ್ಗಿದ್ದೇ ತಡ, ಬುಟ್ಟಿಯ ಕನ್ನಡಿ ಹೊರಕ್ಕೆ ಜಾರಿ ಜೋತುಬಿತ್ತು. ಮುದ್ದವ್ವ ನೋಡಿದಳು. ಮತ್ತೆ ಅವಳೇ! ಅದೇ ಸವತಿ!

ಆನೆ ಘೀಳಿಟ್ಟಿತು. ಹುಲ್ಲಿನ ರಾಶಿ “ಆಕ್ಷೀ!” ಅಂತ ಸೀನಿತು. ಚನ್ನರಸ ಆನೆಯನ್ನು ನೋಡಿದ, ಸೀನುವ ಹುಲ್ಲನ್ನು ನೋಡಿದ, ಓಟ ಕಿತ್ತ. ಮುಂದೆ ಮಂತ್ರಿ, ಹಿಂದೆ ಆನೆ, ಆನೆಯ ಹಿಂದೆ ಹೊಂಬಾಳವ್ವ. ಬುಟ್ಟಿ ಕಣ್ಣಿನ ಮೇಲೆ ಜಾರಿತ್ತು, ಎದುರಿಗೆ ಬಾವಿ ಇರುವುದು ಅವನಿಗೆ ಕಾಣಲಿಲ್ಲ. ದುಡುಂ!

“ಕಾಪಾಡ್ರೋ! ಕಾಪಾಡ್ರೋ!”

ಹೊಂಬಾಳವ್ವ ಮೊದಲು ಆನೆಗೆ ಒಂದು ಮುದ್ದೆ ತಿನ್ನಿಸಿ ಸಮಾಧಾನ ಮಾಡಿದಳು. ಅಷ್ಟರಲ್ಲಿ ಊರಿಗೆ ಊರೇ ಬುಟ್ಟಿ ಹೊತ್ತು ಬಾವಿಯ ಸುತ್ತ ಸೇರಿತು. ಮರಿಯಪ್ಪ ಓಲೆ ಬಿಚ್ಚಿ ಬೆರಳಿಟ್ಟು ಹುಡುಕಿದ.

“ಸ್ವಾಮೀ, ಬಾವಿ ಅಂದ್ರೆ ನೀರು. ನೀರಿಂದು ಸೋಮವಾರ. ಇವತ್ತು ಶನಿವಾರ.”

“ಇವತ್ತು ಮಂಗಳವಾರ ಕಣೋ ಮುಠ್ಠಾಳ!”

“ಮಂಗಳವಾರ ಆದ್ರೆ ಬೆಂಕಿ. ನಿಮಗೆ ಬೆಂಕಿ ಹತ್ತೈತಾ?”

“ಇಲ್ಲ!”

“ಹಂಗಾದ್ರೆ ಸೋಮವಾರದ ತಂಕ ತಾಳ್ಕಳಿ. ಶನಿವಾರ ಅಂತ ಒಪ್ಕೊಂಡ್ರೆ ಎರಡೇ ದಿನ. ಮಂಗಳವಾರ ಅಂದ್ರೆ ಆರು ದಿನ ಆಗ್ತದೆ. ಯಾವುದಾದೀತು, ನೀವೇ ಯೋಚ್ನೆ ಮಾಡಿ ಹೇಳಿ.”

ಬಾವಿಯೊಳಗಿನಿಂದ ಅಳು ಕೇಳಿಸಿತು.

ತನ್ನನ್ನು ಗಡಿ ದಾಟಿಸಹೊರಟವನು, ಮುಳುಗಲಿ ಅಂತ ಹೊಂಬಾಳವ್ವ ಸುಮ್ಮನಿರಬಹುದಿತ್ತು. ಅವಳು ಸುತ್ತು ಬಿಚ್ಚಿ ಇಳಿಬಿಟ್ಟಳು. ಒಂಬತ್ತು ಮೊಳ ಸಾಲಲಿಲ್ಲ. ಇನ್ನೂ ಅಷ್ಟೇ ಬೇಕು.

“ಎಲ್ಲಾ ನಿಮ್ ನಿಮ್ ಹಗ್ಗದ ತುಂಡು ತೆಗೀರಿ. ಒಂದಕ್ಕೊಂದು ಗಂಟು ಹಾಕಿ.”

“ಓಲೆಯಲ್ಲಿ ಗಂಟು ಅಂತ ಇಲ್ಲವಲ್ಲವ್ವಾ?”

“ಗಂಟು ಹಾಕ್ರೋ!” ಅಂತ ಬಾವಿ ಅರಚಿತು. “ನಾನೇ ಹೇಳ್ತಿದ್ದೀನಿ, ಗಂಟು ಹಾಕ್ರೋ!”

ತುಂಡಿಗೆ ತುಂಡು ಸೇರಿ ಹಗ್ಗ ಮತ್ತೆ ಹಗ್ಗವಾಯಿತು. ಹಗ್ಗದ ತುದಿಗೆ ಸುತ್ತಿನ ಬಟ್ಟೆ, ಬಟ್ಟೆಯ ತುದಿ ಮಂತ್ರಿಯ ಸೊಂಟಕ್ಕೆ, ಮೇಲಿನ ತುದಿ ಆನೆಯ ಸೊಂಡಿಲಿಗೆ. ಮುದ್ದವ್ವ ಎಳೆದಳು. ಮಂತ್ರಿ ಅರ್ಧ ದಾರಿಗೆ ಬಂದಾಗ ರಾಜ ಬಾವಿಯೊಳಗೆ ಬಗ್ಗಿ, “ತಾಳು” ಅಂದ. ಆನೆ ನಿಂತಿತು. ಮಂತ್ರಿ ನಡುವೆ ಸೋರೆಕಾಯಿಯ ಹಾಗೆ ತೂಗಾಡಿದ.

“ಚನ್ನರಸ, ನಿನ್ನ ಕೈಯಲ್ಲೇನು?”

ಕೈಯಲ್ಲಿ ಕೀಲಿಕೈ ಇನ್ನೂ ಇತ್ತು. ಹೊಂಬಾಳವ್ವ ಸೊಂಟದಿಂದ ಬತ್ತಿ ತೆಗೆದು ತೋರಿಸಿದಳು. ತೂಬಿನ ಹಲಗೆಯ ವಿಷಯವನ್ನೂ ಹೇಳಿದಳು.

“ಬೆಂಕಿಯೂ ನಾನೇ, ಪ್ರಭು! ನೀರೂ ನಾನೇ, ಆನೆಯೂ ನಾನೇ! ಮೇಲೆತ್ತಿ!”

“ಯಾಕಯ್ಯಾ ಹೀಗೆ ಮಾಡಿದೆ?”

“ಒಂದು ಮಂಗಳವಾರ ಬೆಂಕಿ ಬೀಳದಿದ್ದರೆ ನೀವು ಶಾಲು ವಾಪಸು ಕೇಳ್ತಿದ್ರಿ!”

ಶಾಲು ಹೋಯಿತು. ಪಲ್ಲಕ್ಕಿಯೂ ಹೋಯಿತು. ಅವನನ್ನು ಗಡಿ ದಾಟಿಸೋಣವೇ ಅಂತ ರಾಜ ಕೇಳಿದಾಗ ಹೊಂಬಾಳವ್ವ ಬೇಡ ಅಂದಳು. “ಆನೆಗೆ ದಿನಾ ನೀರು ಹೊರಲಿ ಬುದ್ಧಿ. ಮುದ್ದವ್ವ ಒಂದು ಸಲಕ್ಕೆ ಹತ್ತು ಕೊಡ ಕುಡೀತಾಳೆ.” ಮೊದಲ ದಿನವೇ ಚನ್ನರಸನ ನೆತ್ತಿ ಉರಿಯಿತು. “ಹೊಂಬಾಳಮ್ಮಾ, ತಲೆಗೊಂದು ಸುತ್ತು ಕೊಡ್ತೀಯಾ?” ಅಂತ ಕೈಮುಗಿದ. “ಅದು ಯಾವ ಓಲೆಯಲ್ಲೈತೆ ಸ್ವಾಮಿ?” ಅಂದಳು ಅವಳು. ಆಮೇಲೆ ನಕ್ಕು, ಒಂದು ಸುತ್ತು ಮಾಡಿ ಕೊಟ್ಟಳು.

ರಾಜ ಓಲೆಗಳನ್ನೆಲ್ಲ ಸುಡಲು ಹೊರಟ. ಅವಳು ಅದಕ್ಕೂ ಬೇಡ ಅಂದಳು. “ಗಂಟೆ ಬಾರಿಸೋದು ಒಳ್ಳೇದೇ ಬುದ್ಧಿ. ಬಾರಿಸಿದ ಮೇಲೆ ಬೆಂಕಿ ಯಾವ ಕಡೆ ಐತೆ ಅಂತ ತಿರುಗಿ ನೋಡಬೇಕು, ಅಷ್ಟೇ.” ಬಾವಿಗೆ ಹಗ್ಗ ವಾಪಸು ಬಂತು. ಮೈತುಂಬ ಗಂಟು ಇದ್ದದ್ದರಿಂದ ಸೇದುವಾಗ ಕೈ ಜಾರುತ್ತಿರಲಿಲ್ಲ. ರಾಣಿಯ ಸೊಂಟದಿಂದ ಕಿರೀಟ ಇಳಿಯಿತು. ಅವಳು ಮೂರು ವರ್ಷದ ಮೇಲೆ ನೆಟ್ಟಗೆ ಕೂತಳು. ಹೊಂಬಾಳವ್ವ ತನ್ನ ಗುಡಿಸಲಲ್ಲೇ ಉಳಿದಳು, ತನ್ನ ಕೆರೆಯ ನೀರನ್ನೇ ಕುಡಿದಳು.

ನೀತಿ ಏನಪ್ಪಾ ಅಂದರೆ, ಆಪತ್ತಿಗೆ ಮೊದಲೇ ಅಣಿಯಾಗಿರಬೇಕು. ಆದರೆ ಆಪತ್ತು ನಮ್ಮ ಓಲೆ ಓದಿಕೊಂಡು ಬರುವುದಿಲ್ಲ. ಯೋಚನೆಯನ್ನು ಕಗ್ಗಂಟು ಹಾಕಿ ಇಡಬಾರದು, ಸುತ್ತಿ ಇಡಬೇಕು. ಬೇಕಾದಾಗ ಬಿಚ್ಚಲು ಬರಬೇಕು. ನೋಡು, ಹೀಗೆ, ಬಟ್ಟೆಯನ್ನು ಕೈಗೆ ಹೀಗೆ ಒಂದು ಸುತ್ತು, ಇನ್ನೊಂದು ಸುತ್ತು, ತುದಿ ಒಳಗೆ ಸಿಕ್ಕಿಸಿದರೆ...

ಸಿಂಬಿ! ಸಿಂಬಿ ಕಣೇ ಇಂಚರಾ, ಸಿಂಬಿ! ಕೈಗೆ ನೆನಪಿತ್ತು ನೋಡು. ಬೇಗ ಬರೆದುಕೋ. ನಿನ್ನ ಪುಸ್ತಕದಲ್ಲಿ ಒಂದು ಕಡೆ, ಆ ಕ್ಯಾಲೆಂಡರಿನ ಹಿಂದೆ ಒಂದು ಕಡೆ. ಒಂದು ಕಳೆದುಹೋದರೆ ಇನ್ನೊಂದಿರಲಿ.